ಡಿಫರೆನ್ಷಿಯಲ್‌ಗೆ ಹೊಲಿಗೆ ಮಷಿನ್ ಎಣ್ಣೆ

ಮೂರನೇ ಸುತ್ತಿನಲ್ಲೇ ನನ್ನ ಕಾರು ನಿಂತುಬಿಟ್ಟಿತು. ಮೋಟಾರು ಕಿರುಚುತ್ತಿದೆ, ಹಿಂದಿನ ಚಕ್ರ ತಿರುಗುತ್ತಿಲ್ಲ.

ಸಿಂಧನೂರಿನ ರೈಸ್ ಮಿಲ್ಲೊಂದರ ಅಂಗಳ, ಭತ್ತ ಒಣಗಿಸುವ ಕಾಂಕ್ರೀಟು. ಭಾನುವಾರ ಅಲ್ಲಿ ನಮ್ಮ ರಿಮೋಟ್ ಕಾರುಗಳ ರೇಸು. ಮಸ್ಕಿಯಿಂದ ಮೂರು ಕಾರು, ಲಿಂಗಸುಗೂರಿನಿಂದ ಮೂರು. ಅಷ್ಟು ಜನರಲ್ಲಿ ಹೆಂಗಸು ನಾನೊಬ್ಬಳೇ, ಮಸ್ಕಿಯಲ್ಲಿ ಬ್ಲೌಸ್ ಹೊಲಿಯುವವಳು.

ಹೀಗೆ ನಿಂತದ್ದು ಎರಡನೇ ಸಲ. ನಮ್ಮ ಟೀಮಿನ ಹಿರಿಯರು ಬ್ಯಾಟರಿ ಅಂಗಡಿಯ ಶರಣಪ್ಪ ಕಾಕಾ. ಬೈಯಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು.

"ಯವ್ವಾ, ಮುಂದಿನ ಸಲಾನೂ ನಿಂತ್ರ ನಿನ್ನ ಜಾಗಕ್ಕ ನಮ್ಮ ಅಳಿಯನ್ನ ನಿಲ್ಲಸ್ತೀನಿ ನೋಡು."

ಲಿಂಗಸುಗೂರಿನ ಖಾಜಾ ನನ್ನ ಕಾರು ಬಿಚ್ಚಿ ಮೂಗಿನ ಹತ್ತಿರ ಹಿಡಿದ. "ಅಕ್ಕಾರ, ಇದು ಡಿಫರೆನ್ಷಿಯಲ್ಲೋ, ಹೊಲಿಗಿ ಮಷಿನ್ನೋ?"

ಎಲ್ಲರೂ ನಕ್ಕರು. ತಪ್ಪು ನನ್ನದೇ.

ಹಿಂದಿನ ಎರಡು ಚಕ್ರಗಳ ನಡುವೆ ಕೂರುವ ಬಾಲ್ ಡಿಫರೆನ್ಷಿಯಲ್ ಅಂದರೆ ಎರಡು ಉಂಗುರದ ನಡುವೆ ಜೋಳದ ಕಾಳಿಗಿಂತ ಸಣ್ಣ ಗುಂಡುಗಳು, ಅವನ್ನು ಒತ್ತಿ ಹಿಡಿಯುವ ಒಂದು ಸ್ಕ್ರೂ. ತಿರುವಿನಲ್ಲಿ ಒಂದು ಚಕ್ರ ಜೋರಾಗಿ, ಇನ್ನೊಂದು ನಿಧಾನವಾಗಿ ಉರುಳುವುದು ಇದರಿಂದಲೇ. ಗುಂಡು ಹಿಡಿಯಬೇಕು, ಜಾರಬಾರದು.

ಎಲ್ಲಿ ಸವೆದುಹೋಗುತ್ತದೋ ಎಂದು ನಾನು ದಿನಾ ಎರಡು ಹನಿ ಮಷಿನ್ ಎಣ್ಣೆ ಬಿಡುತ್ತಿದ್ದೆ, ಅದಕ್ಕೇ ಗುಂಡು ಜಾರಿದ್ದು... ಮನೆ ಬೀಗ ಮೂರು ಸಲ ಎಳೆದು ನೋಡುವ ಹೆಂಗಸು ನಾನು.

ಹಠಕ್ಕೆ ಬಿದ್ದು ಸೆರಾಮಿಕ್ ಗುಂಡು, ಹೊಸ ಉಂಗುರ, ಅದಕ್ಕೆಂದೇ ಬರುವ ಸಿಲಿಕಾನ್ ಗ್ರೀಸ್ ತರಿಸಿದೆ. ಜೊತೆಗೆ ಬಂದ ಕಾಗದವೆಲ್ಲ ಇಂಗ್ಲಿಷು. ನಾನು ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು, ಅದರ ಹಿಂದಿನ ಎರಡು ವರ್ಷ ಹೋದದ್ದೂ ಅಷ್ಟಕ್ಕಷ್ಟೇ.

ಚಿತ್ರ ನೋಡಿಕೊಂಡು ಜೋಡಿಸಿದೆ. ಆದರೆ ಸ್ಕ್ರೂ ಎಷ್ಟು ಬಿಗಿ ಎಂದು ಚಿತ್ರ ಹೇಳುವುದಿಲ್ಲ.

ಹೊಲಿಗೆ ಮಷಿನ್ನಿನ ಕೆಳದಾರ ಹಿಡಿಯುವ ಬಾಬಿನ್ ಕೇಸಿನ ಸ್ಕ್ರೂ ಹತ್ತೊಂಬತ್ತು ವರ್ಷದಿಂದ ತಿರುಗಿಸುತ್ತಿದ್ದೇನೆ. ದಾರ ಹಿಡಿದು ತೂಗುಬಿಟ್ಟರೆ ಕೇಸು ತಾನಾಗಿ ಇಳಿಯಬಾರದು, ಕೈ ತುಸು ಅಲುಗಿಸಿದರೆ ಇಳಿಯಬೇಕು. ಅಷ್ಟೇ ಬಿಗಿ.

ಇಲ್ಲೂ ಅದೇ ಕೈ. ಎರಡೂ ಚಕ್ರ ಗಟ್ಟಿಯಾಗಿ ಹಿಡಿದು ನಡುವಿನ ಗೇರು ತಳ್ಳಿದೆ, ಜಾರಲಿಲ್ಲ. ಗೇರು ಹಿಡಿದು ಒಂದು ಚಕ್ರ ತಿರುಗಿಸಿದರೆ ಇನ್ನೊಂದು ನುಣ್ಣಗೆ ಉಲ್ಟಾ ತಿರುಗಿತು. ಎರಡು ದಿನ ಮೆಲ್ಲಗೆ ಓಡಿಸಿ ಸ್ಕ್ರೂ ಮತ್ತೆ ಕೂದಲೆಳೆಯಷ್ಟು ಬಿಗಿ ಮಾಡಿದೆ.

ಮುಂದಿನ ರೇಸಿಗೆ ಮುಂಚೆ ಕಾಕಾ ಚಕ್ರ ಮುಟ್ಟಿ ನೋಡಿದರು. "ಲೂಸ್ ಐತಿ. ತಾ ಇಲ್ಲಿ, ಗಟ್ಟಿ ಮಾಡ್ತೀನಿ."

"ಬ್ಯಾಡ್ರೀ ಕಾಕಾ, ಸಾಕು."

"ನಿಂತ್ರ?"

"ನಿಂತ್ರ ನಿಮ್ಮ ಅಳಿಯನ್ನ ನಾನ ಕರದು ರಿಮೋಟ್ ಕೊಡ್ತೀನಿ."

ಕಾರು ಕೊಡಲಿಲ್ಲ.

ಇಪ್ಪತ್ತು ಸುತ್ತು. ತೌಡಿನ ಧೂಳು ಬಿದ್ದ ಅಂಗಳದ ಮೂಲೆಯ ತಿರುವಿನಲ್ಲಿ ಪ್ರತಿ ಸಲ ಉಸಿರು ಹಿಡಿಯುತ್ತೇನೆ, ಪ್ರತಿ ಸಲ ಕಾರು ನೆಲ ಕಚ್ಚಿಕೊಂಡು ಹೊರಬರುತ್ತದೆ.

ಖಾಜಾ ಮೊದಲು, ನಾನು ಎರಡನೆಯವಳು.

ಕಾಕಾ ಶಭಾಷ್ ಅನ್ನಲಿಲ್ಲ. ತಮ್ಮ ಕಾರು ತಂದು ನನ್ನ ಮುಂದಿಟ್ಟರು. "ಇದರದೂ ಒಂದ್ಸಲ ನೋಡವ್ವಾ."

ನಿಮ್ಮ ಕೈಗೆ ಚೆನ್ನಾಗಿ ಗೊತ್ತಿದ್ದೂ ನೀವೇ ಇಷ್ಟು ದಿನ ನಂಬದೇ ಇದ್ದ ಕೆಲಸ ಯಾವುದು, ಹೇಳ್ರಿ?