ಕಲ್ಲಿನ ದೋಣಿಯ ಗೊದಮೊಟ್ಟೆಗಳು

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷಗಳಲ್ಲಿ ನಾನು ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಯಜಮಾನರಿಗೆ ದೇವದುರ್ಗದಲ್ಲಿ ಕಚೇರಿ ಕೆಲಸ. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ನಸುಕಿನಲ್ಲೇ ಹೊರಟುಬಿಡುತ್ತಿದ್ದರು. ಹೀಗಾಗಿ ವಾರವೆಲ್ಲ ಮನೆಯಲ್ಲಿ ನಾನು, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ ಮತ್ತು ಅತ್ತೆ. ಅತ್ತೆಯವರದು ಕಟ್ಟುನಿಟ್ಟಿನ ಮಡಿ. ಅಡುಗೆಮನೆಯ ಹೊಸ್ತಿಲೊಳಗೆ ಶಾಲೆಗೆ ಹೋಗಿಬಂದ ಸೀರೆಯಲ್ಲಿ ನಾನೇ ಕಾಲಿಡುವಂತಿರಲಿಲ್ಲ.

ಕಪ್ಪೆಯ ಬೆಳವಣಿಗೆಯ ಪಾಠವನ್ನು ನಾನು ಪ್ರತಿವರ್ಷ ಮಾಡುತ್ತಿದ್ದೆ. ಮೊಟ್ಟೆ, ಗೊದಮೊಟ್ಟೆ, ಹಿಂಗಾಲು, ಮುಂಗಾಲು, ಬಾಲ ಕರಗುವುದು ಎಂದು ಬೋರ್ಡಿನ ಮೇಲೆ ಐದು ಚಿತ್ರ ಬರೆದು ನಡುವೆ ಬಾಣದ ಗುರುತು ಹಾಕಿದರೆ ಪಾಠ ಮುಗಿಯಿತು. ನಿಜ ಹೇಳಬೇಕೆಂದರೆ ಆ ಐದರಲ್ಲಿ ಒಂದನ್ನೂ ನಾನು ನೆಟ್ಟಗೆ ನೋಡಿದವಳಲ್ಲ. ನಮ್ಮ ಪ್ರಯೋಗಾಲಯದಲ್ಲಿ ಒಂದು ಗಾಜಿನ ಭರಣಿಯೊಳಗೆ ಔಷಧದ ನೀರಿನಲ್ಲಿ ಬೆಳ್ಳಗಾಗಿದ್ದ ಕಪ್ಪೆಯೊಂದಿತ್ತು. ನನ್ನ ಅನುಭವ ಅಷ್ಟೇ.

ನಮ್ಮ ಶಾಲೆಯ ಆಯಾಳ ತವರು ಪೋತ್ನಾಳ. ಮಳೆ ಹಿಡಿದು ಕಾಲುವೆಗೆ ನೀರು ಬಿಟ್ಟಾಗ ಅವಳ ಅಣ್ಣನ ಗದ್ದೆಯಲ್ಲಿ ಭತ್ತದ ನಾಟಿ. "ಒಂದು ಐತವಾರ ಹುಡುಗರನ್ನ ಕರಕೊಂಡು ಬರ್ರಿ ಅಕ್ಕಾರ. ನಾಟಿ ನೋಡ್ಯಾವು," ಎಂದು ಕರೆದಳು. ಹೋದೆವು. ಹೆಂಗಸರು ಬಗ್ಗಿ ಸಸಿ ಊರುತ್ತಿದ್ದರೆ ನನ್ನ ಮಕ್ಕಳಿಬ್ಬರೂ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಗದ್ದೆಯ ಮೂಲೆಯನ್ನೇ ನೋಡುತ್ತಿದ್ದರು. ನಿಂತ ನೀರಿನಲ್ಲಿ ಹೆಸರುಕಾಳಿನಷ್ಟು ತಲೆಯ ಕರಿಯ ಜೀವಗಳು ಗಿಜಿಗುಡುತ್ತಿದ್ದವು.

"ಅವ್ವಾ, ಮೀನಾ!" ಎಂದ ಮಗ.

"ಮೀನಲ್ಲಪ್ಪಾ ಅವು, ಕಪ್ಪಿಮರಿ," ಎಂದಳು ಆಯಾ. "ಈಗ ಬರೇ ಬಾಲ ಬಡಿಯಾಕತ್ತಾವ. ಇನ್ನಾ ನಾಕೈದು ವಾರಕ್ಕ ಕಾಲು ಬರತಾವ, ಜಿಗೀತಾವ ನೋಡು."

ಮಗಳು ನನ್ನ ಮುಖ ನೋಡಿದಳು. ಬೇಡ ಎನ್ನುವುದಕ್ಕೆ ವಿಜ್ಞಾನದ ಟೀಚರಿಗೆ ಬಾಯಿ ಬರಲಿಲ್ಲ. ಅವಲಕ್ಕಿ ತಂದಿದ್ದ ಸ್ಟೀಲಿನ ಡಬ್ಬಿ ಖಾಲಿಯಾಗಿತ್ತು. ಅದರಲ್ಲೇ ಗದ್ದೆಯ ನೀರು ತುಂಬಿ, ಮುಚ್ಚಳ ಅರ್ಧ ತೆರೆದಿಟ್ಟು, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದಳು. ಇಳಿಯುವಷ್ಟರಲ್ಲಿ ಅವಳ ಲಂಗವೆಲ್ಲ ಕೆಸರಾಗಿತ್ತು.

ಅತ್ತೆ ಬಾಗಿಲಲ್ಲೇ ತಡೆದರು.

"ಆ ಡಬ್ಬಿ ಇನ್ನ ಒಳಗ ಬರಂಗಿಲ್ಲ. ಅದನ್ನ ಮುಟ್ಟಿದವರು ಕೈಕಾಲು ತೊಳೀದ ಬರಂಗಿಲ್ಲ. ಹಿತ್ತಲದಾಗ ಏನರೆ ಮಾಡಿಕೊಳ್ರಿ."

ಹಿತ್ತಲಲ್ಲಿ, ನಮಗಿಂತ ಮೊದಲು ಬಾಡಿಗೆಗಿದ್ದವರು ಎಮ್ಮೆಗೆ ನೀರು ಕುಡಿಸುತ್ತಿದ್ದ ಕಲ್ಲಿನ ದೋಣಿ ಇತ್ತು. ಗೊದಮೊಟ್ಟೆಗಳನ್ನು ಅದರಲ್ಲಿ ಬಿಟ್ಟೆವು. ತನಗೂ ಬೇರೆ ಬೇಕು ಎಂದು ಮಗ ರಂಪ ಮಾಡಿದ್ದರಿಂದ ಒಂದಷ್ಟನ್ನು ಬಾಯಿ ಮುಕ್ಕಾದ ಗಡಿಗೆಯೊಂದಕ್ಕೆ ಹಾಕಿಕೊಟ್ಟೆ. ಮಕ್ಕಳು ಮೊದಲು ಅನ್ನದಗುಳು ಹಾಕಿ ನೀರು ಕೆಡಿಸಿದರು. ಆಮೇಲೆ ನಾನು ರಾಜಗಿರಿ ಸೊಪ್ಪನ್ನು ಮೆತ್ತಗೆ ಬೇಯಿಸಿ ಚೂರು ಮಾಡಿ ಕೊಟ್ಟೆ. ಅವು ಸೊಪ್ಪಿನ ಸುತ್ತ ಮುತ್ತಿಕೊಂಡು ಬಾಯಾಡಿಸುವುದನ್ನು ಮೂವರೂ ಹೊತ್ತು ಹೋದದ್ದೇ ತಿಳಿಯದೆ ನೋಡುತ್ತಿದ್ದೆವು.

ಹತ್ತು ದಿನಕ್ಕೆ ದೋಣಿಯ ನೀರು ನಾರತೊಡಗಿತು. ಒಂದು ಸಂಜೆ ಶಾಲೆಯಿಂದ ಬಂದವಳೇ ಅದನ್ನು ತೆಗೆದು, ಬಾವಿಯಿಂದ ನಾಲ್ಕು ಕೊಡ ಸೇದಿ ಹೊಸ ನೀರು ತುಂಬಿದೆ. ಮಗನ ಗಡಿಗೆಗೆ ಅವನು ಕೈ ಹಚ್ಚಗೊಡಲಿಲ್ಲ. ಮಳೆಗಾಲದಲ್ಲಿ ವಾಂತಿಭೇದಿ ಬರಬಾರದೆಂದು ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕುವುದು ವಾಡಿಕೆ. ಆ ದಿನ ಮುಂಜಾನೆಯೇ ನಮ್ಮ ಬಾವಿಗೆ ಹಾಕಿ ಹೋಗಿದ್ದರು. ನಾನೇ ಕಣ್ಣಾರೆ ನೋಡಿದ್ದೆ. ಕುಡಿಯುವ ನೀರನ್ನು ಹಿಂದಿನ ದಿನವೇ ತುಂಬಿಟ್ಟುಕೊಂಡಿದ್ದೆ ಕೂಡ. ಆದರೂ ಆ ಹೊತ್ತಿಗೆ ಅದು ನೆನಪಾಗಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ದೋಣಿಯಲ್ಲಿದ್ದವೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮಕ್ಕಳು ಇನ್ನೂ ಎದ್ದಿರಲಿಲ್ಲ. ತಟ್ಟೆಯಿಂದ ಅವನ್ನು ಬಳಿದು ನುಗ್ಗೆ ಗಿಡದ ಬುಡದಲ್ಲಿ ಮಣ್ಣು ಸರಿಸಿ ಮುಚ್ಚಿದೆ. ದೋಣಿಯ ನೀರು ಚೆಲ್ಲಿ ತೊಳೆಯತೊಡಗಿದೆ. ಅಷ್ಟರಲ್ಲಿ ಮಗಳು ಬಂದಳು.

"ಅವ್ವಾ, ಕಪ್ಪಿಮರಿ ಎಲ್ಲಿ?"

"ದೊಡ್ಡವು ಆಗಿದ್ದುವಲ್ಲ, ಬಾವ್ಯಾಗ ಬಿಟ್ಟೆ. ಅಲ್ಲೇ ಬೆಳೀತಾವ."

"ಇನ್ನಾ ಕಾಲೇ ಬಂದಿದ್ದಿಲ್ಲಲ್ಲ?"

"ಅಲ್ಲಿ ಬರ್ತಾವ. ಹೋಗು, ಮುಖ ತೊಳಕೋ."

ತುಳಸಿಗೆ ನೀರೆರೆಯುತ್ತಿದ್ದ ಅತ್ತೆ ಚೊಂಬು ಕೆಳಗಿಟ್ಟರು.

"ಕೂಸಿಗೆ ಯಾಕ ಸುಳ್ಳು ಹೇಳ್ತಿ?" ಎಂದು ನನಗೆ ಅಂದು, ಮೊಮ್ಮಗಳ ಕಡೆ ತಿರುಗಿದರು. "ಸತ್ತಾವ, ನಮ್ಮವ್ವಾ. ಬಾವ್ಯಾಗ ಪುಡಿ ಹಾಕಿದ್ದು ನಿಮ್ಮವ್ವಗ ನೆನಪಾಗಲಿಲ್ಲ, ಅದೇ ನೀರು ಹಾಕಿದಳು. ನುಗ್ಗಿಗಿಡದ ಬುಡಕ ಹುಗದಾಳ."

ಮಗಳು ಅಳಲಿಲ್ಲ. ಗಿಡದ ಬುಡದ ಹಸಿ ಮಣ್ಣು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಹಂಗಾದ್ರ ದವಾಖಾನ್ಯಾಗಿನ ತಮ್ಮನೂ ಸತ್ತಾನೇನು?"

ಅದರ ಹಿಂದಿನ ವರ್ಷ ರಾಯಚೂರಿನ ಆಸ್ಪತ್ರೆಯಲ್ಲಿ ನನಗೆ ಮೂರನೆಯ ಮಗು ಹುಟ್ಟಿತ್ತು. ಗಂಡು. ತಿಂಗಳು ತುಂಬಿರಲಿಲ್ಲ. ಎರಡು ದಿನ ಇತ್ತು. ಬರಿಗೈಲಿ ಮನೆಗೆ ಬಂದಾಗ ಬಾಗಿಲಲ್ಲಿ ನಿಂತಿದ್ದ ಮಗಳಿಗೆ, "ಅವ ಭಾಳ ಸಣ್ಣವ ಅದಾನ, ಡಾಕ್ಟರು ಗಾಜಿನ ಪೆಟ್ಟಿಗ್ಯಾಗ ಇಟ್ಟಾರ, ದೊಡ್ಡವ ಆದಮ್ಯಾಲೆ ಕಳಸ್ತಾರ" ಎಂದಿದ್ದೆ. ಆ ಹೊತ್ತಿಗೆ ಬಾಯಿಗೆ ಬಂದ ಮಾತು. ನಾಳೆ ಸರಿಯಾಗಿ ಹೇಳಿದರಾಯಿತು ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ. ಮೊದಲ ಕೆಲವು ತಿಂಗಳು ಅವಳು ಕೇಳುತ್ತಿದ್ದಳು. ಆಮೇಲೆ ಕೇಳುವುದು ನಿಂತಿತು. ಮರೆತಿದ್ದಾಳೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

"ಹೌದು," ಎಂದೆ.

"ಯಾವಾಗ?"

"ಹುಟ್ಟಿದ ಎರಡನೇ ದಿನ."

"ನನ್ನ ಹಳೇ ಸ್ವೆಟರು ಅವನಿಗಂತ ಟ್ರಂಕಿನ್ಯಾಗ ಎತ್ತಿ ಇಟ್ಟೀನಿ. ನೀ ನೋಡೀದಿ. ನೋಡಿ ಸುಮ್ಮನಿದ್ದಿ."

ಹೌದು, ನೋಡಿದ್ದೆ. ಅಲ್ಲೇ ದೋಣಿಯ ಅಂಚಿನ ಮೇಲೆ ಕೂತೆ. ಅವಳು ಒಳಗೆ ಹೋಗಿ ತಾನೇ ಜಡೆ ಹಾಕಿಕೊಂಡು ಶಾಲೆಗೆ ಹೋದಳು.

ನಾಲ್ಕು ದಿನ ನನ್ನೊಡನೆ ಮಾತಿಲ್ಲ. "ಅಜ್ಜಿ, ಅವ್ವಗ ಹೇಳು, ನನ್ನ ನೋಟಬುಕ್ಕು ಮುಗದದ" ಎನ್ನುವಳು, ನಾನು ಎದುರಿಗೇ ಇದ್ದರೂ. ನನಗೆ ಅವಳ ಮೇಲಲ್ಲ, ಅತ್ತೆಯ ಮೇಲೆ ಸಿಟ್ಟು ಬಂದಿತ್ತು. ಗುರುವಾರ ಸಂಜೆ ಅವರು ಪಡಸಾಲೆಯಲ್ಲಿ ಮೊರದಲ್ಲಿ ಅಕ್ಕಿ ಹರವಿಕೊಂಡು ಹರಳು ಆರಿಸುತ್ತಿದ್ದಾಗ ಕೇಳಿಯೇಬಿಟ್ಟೆ.

"ಕಪ್ಪಿ ಮಾತು ಇರಲಿ ಅತ್ಯಾರ. ಕೂಸಿನ ಮಾತು ನಾನೇ ಯಾವಾಗರೆ ಹೇಳ್ತಿದ್ದೆ. ನೀವು ಹಂಗ ಒಮ್ಮಿಂದೊಮ್ಮೆಲೆ ಸತ್ತಾವ ಅನ್ನಬೇಕಾಗಿತ್ತೇನು?"

ಅವರು ಕೈ ನಿಲ್ಲಿಸಲಿಲ್ಲ. "ನೀ ಹೇಳ್ತಿದ್ದಿಲ್ಲ. ನನಗೂ ಯಾರೂ ಹೇಳಿದ್ದಿಲ್ಲ," ಎಂದರು. "ಮಟಮಾರಿ ಊರಾಗ ಇದ್ದಾಗ ನನ್ನ ಮೂರು ಕೂಸು ಹೋದವು. ನಡುವಿನದಕ್ಕ ಹನ್ನೊಂದು ತಿಂಗಳು. ಜ್ವರ ಬಂದು ಮಲಗಿದ್ದೆ ನಾನು. ಎದ್ದು ಕೇಳಿದರ, ನಿನ್ನ ಅಕ್ಕನ ಊರಿಗೆ ಕಳಿಸೀವಿ ಅಂದ್ರು. ಒಂದು ತಿಂಗಳು ನಂಬಿದೆ. ಎದಿಹಾಲು ಹಿಂಡಿ ಚೆಲ್ಲಿಕೋತ, ಇವತ್ತ ಬರ್ತದ ನಾಳೆ ಬರ್ತದ ಅಂತ ದಾರಿ ಕಾಯ್ದೆ."

ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದೆವು. ಮೂರು ಮಕ್ಕಳು ಹೋಗಿದ್ದವೆಂದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಅವರ ಪಕ್ಕದಲ್ಲಿ, ಮಡಿಗೆ ತಾಕದಷ್ಟು ದೂರದಲ್ಲಿ, ಕೂತೆ.

ಶನಿವಾರ ಯಜಮಾನರು ಬಂದ ಕೂಡಲೇ ಮಗಳು ಕೇಳಿದಳು: "ಅಪ್ಪಾ, ತಮ್ಮನ್ನ ಎಲ್ಲಿ ಹುಗದೀರಿ? ನನಗ ತೋರಸು."

ಅವರು ನನ್ನ ಕಡೆ ನೋಡಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಮಗಳಿಗೆ, "ನಾಳೆ ಹೋಗೋಣು," ಎಂದರು.

ಮಾರನೆಯ ದಿನ ತಂದೆ ಮಗಳು ಇಬ್ಬರೇ ಬಸ್ಸಿನಲ್ಲಿ ರಾಯಚೂರಿಗೆ ಹೋದರು. ಅಲ್ಲಿ ನಡೆದದ್ದನ್ನು ಯಜಮಾನರು ಆಮೇಲೆ ನನಗೆ ಹೇಳಿದರು. ಊರ ಹೊರಗಿನ ಆ ಜಾಗದಲ್ಲಿ ಜಾಲಿ ಬೆಳೆದು ಗುರುತೇ ಸಿಗಲಿಲ್ಲವಂತೆ. ಯಾವುದೋ ಒಂದು ಜಾಗ ತೋರಿಸಿ ಇದೇ ಎಂದುಬಿಡೋಣ ಎಂದು ಮನಸ್ಸಿಗೆ ಬಂತಂತೆ. ಆದರೆ ಅನ್ನಲಿಲ್ಲ. "ಇಲ್ಲೇ ಎಲ್ಲೋ ಅದ ಅವ್ವಾ. ಖರೇ ಅಂದ್ರ ನನಗೂ ಗುರ್ತು ಸಿಗವಲ್ದು," ಎಂದರಂತೆ. ಅವಳು ಒಂದು ಸುತ್ತು ಹಾಕಿ, ತಮ್ಮನಿಗೆ ತಲೆಗೂದಲಿತ್ತೇ ಎಂದು ಕೇಳಿದಳು. ಇತ್ತು, ಬಹಳ ಇತ್ತು ಎಂದು ಹೇಳಿದಾಗ ಅತ್ತಳು. ಬಸ್ ಸ್ಟ್ಯಾಂಡಿಗೆ ಬಂದು ಇಬ್ಬರೂ ಮಿರ್ಚಿ ಭಜಿ ತಿಂದರು. ವಾಪಸು ಬರುವಾಗ ಕಲ್ಲೂರು ದಾಟುವ ಮೊದಲೇ ಅಪ್ಪನ ತೊಡೆಯ ಮೇಲೆ ನಿದ್ದೆ ಹೋದಳಂತೆ.

ಸಂಜೆ ಮನೆಗೆ ಬಂದವಳು ನೇರ ಹಿತ್ತಲಿಗೆ ಹೋಗಿ, ಅಲ್ಲಿಂದಲೇ ಕೂಗಿ ಕೇಳಿದಳು:

"ಅವ್ವಾ, ಗಡಿಗ್ಯಾಗಿನ ನೀರು ಬದಲಿ ಮಾಡಿದೇನು?"

"ಇಲ್ಲ. ನೀ ಹೇಳೋತನಕ ನಾ ಮುಟ್ಟಂಗಿಲ್ಲ," ಎಂದೆ.

ಮಗನ ಗಡಿಗೆಯಲ್ಲಿ ಒಂಬತ್ತು ಉಳಿದಿದ್ದವು. ಆಗ ಅತ್ತೆ ತಮ್ಮ ಮಡಿನೀರಿನ ತಾಮ್ರದ ಹಂಡೆಯನ್ನು ತಂದು ಮಾಳಿಗೆಯ ನೀರು ಸುರಿಯುವ ಕಡೆ ಇಟ್ಟರು. "ಮಳಿ ನೀರಿಗೆ ಯಾವ ಪುಡೀನೂ ಇಲ್ಲ," ಎಂದರು. ಎರಡು ಮಳೆಗೆ ಹಂಡೆ ತುಂಬಿತು. ಅದರಿಂದ ಗಡಿಗೆಯ ನೀರನ್ನು ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಬದಲಿಸುತ್ತ ಬಂದೆವು. ಹಿಂಗಾಲು ಮೊದಲು ಎರಡು ಚುಕ್ಕೆಯಂತೆ ಕಂಡು, ವಾರದಲ್ಲಿ ಮಡಚಿಕೊಂಡವು. ಮುಂಗಾಲು ಮಾತ್ರ ಹಾಗಲ್ಲ, ಮುಂಜಾನೆ ಇಲ್ಲದ್ದು ಸಂಜೆಗೆ ಹೊರಗೆ ಬಂದಿರುತ್ತಿತ್ತು. ನಾಲ್ಕೂ ಕಾಲು ಬಂದ ಮೊದಲ ಎರಡು ಮುಳುಗಿ ಸತ್ತವು. ಮಗಳೇ ನೋಡಿ, ಬಂದು ಹೇಳಿದಳು. ನನಗೆ ಕಾರಣ ತಿಳಿಯಲಿಲ್ಲ. ಆಯಾಳನ್ನು ಕೇಳಿದೆ.

"ಅಯ್ಯ ಅಕ್ಕಾರ, ಕಾಲು ಬಂದಮ್ಯಾಗ ಹತ್ತಿ ಕೂಡಾಕ ದಂಡಿ ಬೇಕಲ್ಲ ಅವಕ್ಕ? ಬರೇ ನೀರಾಗ ಇಟ್ಟರ ಉಸಿರು ಕಟ್ಟತಾವ. ಒಂದು ಕಲ್ಲರೆ ಇಡ್ರಿ."

ಹನ್ನೆರಡು ವರ್ಷ ಕಲಿಸಿದ ಪಾಠದಲ್ಲಿ ಈ ಕಲ್ಲು ಇರಲೇ ಇಲ್ಲ. ಒಡೆದ ಒರಳಿನ ಚೂರೊಂದನ್ನು ನೀರಿನಿಂದ ಮೇಲೆ ಬರುವಂತೆ ಇಟ್ಟೆ. ಏಳು ಮರಿಗಳು ಒಂದರ ಹಿಂದೆ ಒಂದು ಅದರ ಮೇಲೆ ಹತ್ತಿ ಕೂತವು. ಆ ದಿನಗಳಲ್ಲಿ ಅವು ಸೊಪ್ಪು ಮುಟ್ಟಲಿಲ್ಲ. ಬಾಲವೇ ಕರಗಿ ಅವಕ್ಕೆ ಊಟವಾಗುತ್ತದೆ ಎಂದು ನಾನು ವಿವರಿಸಿದಾಗ, "ಏಕಾದಶಿ ಮಾಡ್ಲಿಕ್ಕತ್ತಾವ ಅನ್ನು," ಎಂದರು ಅತ್ತೆ. ಎಂಟನೇ ತರಗತಿಯ ಹುಡುಗಿಯರನ್ನು ಐದಾರು ಜನರಂತೆ ಮನೆಗೆ ಕರೆತಂದು ತೋರಿಸಿದೆ. ನಾನು ಕೈ ತೊಳೆದು ಬರುವಷ್ಟರಲ್ಲಿ ಅತ್ತೆಯೇ ಕಟ್ಟೆಯ ಮೇಲೆ ಕೂತು ಅವರಿಗೆ ಏಕಾದಶಿಯ ಪಾಠ ಹೇಳುತ್ತಿದ್ದರು.

ಹೆಬ್ಬೆರಳ ಉಗುರಿನಷ್ಟಿದ್ದ ಕಪ್ಪೆಗಳು ಒಂದೊಂದಾಗಿ ಗಡಿಗೆಯ ಮುಕ್ಕಿನಿಂದ ಹಾರಿ ಹೋದವು. ಒಂದು ಬಚ್ಚಲಲ್ಲಿ ಅತ್ತೆಯ ಮಡಿಸೀರೆಯ ಮೇಲೆ ಕೂತಿತ್ತು. ಅವರು ಅದನ್ನು ಚೊಂಬಿನಲ್ಲಿ ಹಿಡಿದು ತುಳಸಿಕಟ್ಟೆಯ ಹತ್ತಿರ ಬಿಟ್ಟು, ಮತ್ತೆ ಸ್ನಾನ ಮಾಡಿದರು. ಕೊನೆಯದು ಹೋದದ್ದು ಒಂದು ದೊಡ್ಡ ಮಳೆ ಬಿದ್ದ ಮಧ್ಯಾಹ್ನ. ಮಗ ಖಾಲಿ ಗಡಿಗೆಯೊಳಗೆ ಕೈ ಹಾಕಿ ತಡಕಾಡಿ ಅಳಲಿಕ್ಕೆ ಶುರುಮಾಡಿದ.

"ಅಕ್ಕಾ, ನನ್ನ ಕಪ್ಪಿ ಎಲ್ಲಿ ಹೋತು?"

"ಗೊತ್ತಿಲ್ಲ," ಎಂದಳು ಮಗಳು. "ನೀರು ಸಿಕ್ಕಿದ್ರ ಬದಕ್ತದ. ಹಾವು ಕಂಡ್ರ ತಿಂತದ. ಬಾ, ಗ್ವಾಡಿ ಸಂದ್ಯಾಗ ನೋಡೋಣು."

ನಾಲ್ಕು ವರ್ಷದವನಿಗೆ ಇಷ್ಟು ಹೇಳಬೇಕೇ ಎಂದು ಬಾಯಿಗೆ ಬಂದದ್ದನ್ನು ತಡೆದುಕೊಂಡೆ. ಇಬ್ಬರೂ ಕೊಡೆ ಇಲ್ಲದೆ ಸಂಜೆಯವರೆಗೆ ಹಿತ್ತಲು ಹುಡುಕಿದರು. ಕಪ್ಪೆ ಸಿಗಲಿಲ್ಲ. ತಲೆ ಒರೆಸಿ ಇಬ್ಬರಿಗೂ ಬಿಸಿ ಅನ್ನ, ಸಾರು ಹಾಕಿದೆ. ಮಗ ಎರಡನೆಯ ಸಲ ಹಾಕಿಸಿಕೊಂಡು ತಿಂದ.