ಘಣಸೋಲಿಯ ಸ್ಪ್ಯಾನಿಷ್

ಘಣಸೋಲಿಯಲ್ಲಿ ಗೆಳತಿ ವಾರಿಜಾಳ ಅಡುಗೆಮನೆಯಲ್ಲಿ ಕೂತಿದ್ದೇನೆ. ಇಲ್ಲೇ ಹುಟ್ಟಿ ಹಿಂದಿಯಲ್ಲೇ ಬೆಳೆದ ಅವಳ ಮಗಳು ಶ್ರೇಯಾ ಮಹಾಪೆಯ ಕಂಪನಿಯೊಂದಕ್ಕೆ ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ಅನುವಾದ ಮಾಡುತ್ತಾಳೆ. ಇಂಗ್ಲಿಷಿನ ‘ಟೈಮ್’ಗೆ ಸ್ಪ್ಯಾನಿಷಿನಲ್ಲಿ ಬೇರೆ ಬೇರೆ ಪದಗಳಂತೆ. ಗೊಂದಲವಾದಾಗ ಅವಳು ಅಮ್ಮನ ಕನ್ನಡ ಕೇಳಿ ಆರಿಸಿಕೊಳ್ಳುತ್ತಾಳೆ.

“ಮಮ್ಮಿ, ‘ದಿಸ್ ಟೈಮ್’ ಕನ್ನಡ ಮೇಂ ಕ್ಯಾ?”

“ಈ ಸಲ.”

“ಔರ್ ‘ನೋ ಟೈಮ್’?”

“ಪುರುಸೊತ್ತಿಲ್ಲ.”

ಶ್ರೇಯಾ ‘ಸಲ’ಕ್ಕೆ ‘ಬೆಸ್’, ‘ಪುರುಸೊತ್ತಿ’ಗೆ ‘ತಿಯೆಂಪೊ’ ಎಂದು ಟೈಪು ಮಾಡಿದಳು.

“ನೋಡು ಮಾರಾಯ್ತಿ, ನನ್ನತ್ರ ಮಾತಾಡ್ಲಿಕ್ಕೆ ಹಿಂದಿ. ಸ್ಪ್ಯಾನಿಷಿಗೆ ಮಾತ್ರ ನನ್ನ ಕನ್ನಡ ಬೇಕು,” ಎಂದು ವಾರಿಜಾ ನನ್ನ ಬಳಿ ಗೊಣಗಿದಳು. ಆಮೇಲೆ ಮಗಳನ್ನು ಕೇಳಿದಳು: “ಚಾ ಕುಡಿತೀಯಾ?”

“ಪುರುಸೊತ್ತಿಲ್ಲ ಅಮ್ಮಾ,” ಎಂದಳು ಶ್ರೇಯಾ, ತಲೆಯೆತ್ತದೆ.

ವಾರಿಜಾ ಕೇಳಿಸದವಳಂತೆ ಇನ್ನೊಮ್ಮೆ ಕೇಳಿದಳು.