ತಾಜಬೀ ಬರೆದ ಕೆಂಪು ಸಾಲು

ಗಂಡ ತೀರಿಕೊಂಡ ಹನ್ನೆರಡನೆಯ ದಿನ ತಾಜಬೀ ಒಂದು ಸುಳ್ಳು ಹೇಳಿದಳು.

ಹೇಳಿದ್ದು ಬಾಗಿಲ ಪರದೆಯ ಹಿಂದೆ ನಿಂತು. ಕೇಳಿಸಿಕೊಂಡವನು ವಿರುಪಣ್ಣ, ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರುವ ಹಮಾಲ. ಅವನ ಮಗಳು ಅಂಜಲಿ ತಾಜಬೀಯ ಗಂಡ ಮರ್ದಾನಸಾಬರ ಹತ್ತಿರ ಇಂಗ್ಲಿಷ್ ಟ್ಯೂಷನ್ನಿಗೆ ಬರುತ್ತಿದ್ದಳು. ಹೋದ ವರ್ಷ ಪಿಯುಸಿಯಲ್ಲಿ ಅವಳಿಗೆ ಇಂಗ್ಲಿಷ್ ಒಂದೇ ಹೋಗಿತ್ತು. ಈ ಸಲವೂ ಹೋದರೆ ಓದು ಮುಗಿಯಿತು ಎಂದು ವಿರುಪಣ್ಣ ಹೇಳಿಬಿಟ್ಟಿದ್ದ. ಯಲಬುರ್ಗಾದಲ್ಲಿ ಅವನ ತಂಗಿಯ ಮಗನಿದ್ದ. ಅವರು ಎರಡು ಸಲ ಬಂದು ಹೆಣ್ಣು ಕೇಳಿ ಹೋಗಿದ್ದರು.

ಮಾಸ್ತರು ಹೋದರು, ಇನ್ನು ಹುಡುಗಿಯರಿಗೆ ಯಾರು ಹೇಳಿಕೊಡುತ್ತಾರೆ ಎಂದು ಅವನು ಮೆಟ್ಟಿಲ ಕೆಳಗೆ ನಿಂತು ಕೇಳಿದ. ಬೇರೆ ಕಡೆ ಹಚ್ಚುವುದಾದರೆ ಈಗಲೇ ಹಚ್ಚಬೇಕು, ಪರೀಕ್ಷೆಗೆ ತಿಂಗಳೂ ಉಳಿದಿಲ್ಲ ಅಂದ.

"ನಾ ಹೇಳಿಕೊಡ್ತೀನ್ರಿ ಅಣ್ಣಾರ," ಅಂದಳು ತಾಜಬೀ. "ಅವರು ನನಗೂ ಎಲ್ಲಾ ಕಲಿಸ್ಯಾರ."

ಅವನು ಹೋದ ಮೇಲೆ ಅವಳು ಗೋಡೆ ಹಿಡಿದು ಕುಳಿತಳು. ಅವಳು ಓದಿದ್ದು ನಾಲ್ಕನೆಯ ಇಯತ್ತೆ, ಕನ್ನಡ ಸಾಲಿಯಲ್ಲಿ. ಇಂಗ್ಲಿಷಿನಲ್ಲಿ ಒಂದಕ್ಷರವೂ ಬಾರದು. ಔಷಧದ ಚೀಟಿಯನ್ನೂ ಬಣ್ಣ ನೋಡಿ ಗುರುತಿಸುವವಳು.

ಯಾಕೆ ಹೇಳಿದಳು? ಮನೆಗೆ ಹೆದರಿ ಹೇಳಿದಳು. ಜನವರಿಯ ಒಂದು ಬುಧವಾರ ಮರ್ದಾನಸಾಬರು ಹಲ್ಲುಜ್ಜುತ್ತ ಬಚ್ಚಲ ಬಾಗಿಲಲ್ಲಿ ಕುಸಿದರು. ಆ ಬ್ರಷ್ಷು ಇನ್ನೂ ಗೂಡಿನಲ್ಲೇ ಇತ್ತು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಹೊಸ್ತಿಲು ದಾಟುವುದಿಲ್ಲ, ಪರಗಂಡಸರ ಮುಂದೆ ಬರುವುದಿಲ್ಲ. ಇದ್ದತ್ ಅನ್ನುತ್ತಾರೆ. ಮಕ್ಕಳಿಲ್ಲದ ಮನೆ. ಹಗಲೆಲ್ಲ ಒಂದು ಸದ್ದಿಲ್ಲ. ಸಂಜೆ ಐದಕ್ಕೆ ಟ್ಯೂಷನ್ನಿನ ಹುಡುಗಿಯರ ನಾಲ್ಕು ಜೊತೆ ಚಪ್ಪಲಿ ಬಾಗಿಲಲ್ಲಿ ಬೀಳುತ್ತಿದ್ದವು. ಆ ಸದ್ದೂ ನಿಂತರೆ ತಾನು ಆ ಬ್ರಷ್ಷನ್ನೇ ನೋಡುತ್ತ ಹುಚ್ಚಿಯಾದೇನು ಅನ್ನಿಸಿತು.

ಪೂರಾ ಸುಳ್ಳೂ ಅಲ್ಲ. ಮರ್ದಾನಸಾಬರಿಗೆ ಒಂದು ರೂಢಿ ಇತ್ತು. ಟ್ಯೂಷನ್ನಿನಲ್ಲಿ ಯಾವ ಕಥೆ ಹೇಳಬೇಕಾದರೂ ಮೊದಲು ಅಡಿಗೆಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದರು. ಅವಳು ರೊಟ್ಟಿ ಬಡಿಯುತ್ತಿದ್ದಳು, ಅವರು ಒಲೆಯ ಪಕ್ಕ ಮಣೆ ಹಾಕಿಕೊಂಡು ಹೇಳುತ್ತಿದ್ದರು. ಒಮ್ಮೆ ದೂರ ದೇಶದ ಒಂದು ಕಥೆ ಹೇಳಿದರು. ಹಿಮ ಬೀಳುವ ಊರಿನಲ್ಲಿ ಒಬ್ಬ ಮುದುಕಿ ತಪ್ಪಿಸಿಕೊಂಡ ಆಡು ಹುಡುಕಿಕೊಂಡು ಹೊರಡುತ್ತಾಳೆ. ತಾಜಬೀ ಹಿಮ ಕಂಡವಳಲ್ಲ. ಆಡು ಕಂಡವಳು. ಮುದುಕಿ ತಿರುಗಿ ಬರುತ್ತಾಳೋ ಇಲ್ಲವೋ ಎಂದು ಕೇಳುತ್ತ ಕೈ ನಿಲ್ಲಿಸಿದಳು. ಹಂಚಿನ ಮೇಲೆ ರೊಟ್ಟಿ ಸೀದು ಕರಿಯಾಯಿತು. ಮರುದಿನ ಅವರು ಹುಡುಗಿಯರಿಗೆ ಹೇಳಿದರು, "ಈ ಕಥಿಗೆ ನಮ್ಮ ಮನ್ಯಾಗ ಒಂದು ರೊಟ್ಟಿ ಸೀದೈತಿ. ಯಾಕ ಸೀದಿತು ಅಂತ ಬರೀರಿ." ಅದೇ ಪ್ರಶ್ನೆ. ಕಥೆಯ ನೀತಿ ಏನು ಎಂದು ಅವರು ಒಮ್ಮೆಯೂ ಕೇಳಿದವರಲ್ಲ.

ಹುಡುಗಿಯರು ಬರೆದ ಪ್ರಬಂಧಗಳನ್ನೂ ಅವಳಿಗೆ ಓದಿ, ಕನ್ನಡದಲ್ಲಿ ಹೇಳುತ್ತಿದ್ದರು. ಅವಳು ಎಲ್ಲಿ "ಯಾರು?" ಅಂದಳೋ, ಎಲ್ಲಿ "ಆಮ್ಯಾಲೆ?" ಅಂದಳೋ, ಎಲ್ಲಿ ಆಕಳಿಸಿದಳೋ, ಅಲ್ಲಿ ಒಂದು ಕೆಂಪು ಚುಕ್ಕಿ ಇಡುತ್ತಿದ್ದರು.

ಈಗ ಅವಳು ಅದನ್ನೇ ಮಾಡಿದಳು. ಹುಡುಗಿಯರಿಗೆ ಅವಳ ಓದು ಎಷ್ಟೆಂದು ಗೊತ್ತಿತ್ತು. ಯಾರೂ ಮನೆಯಲ್ಲಿ ಬಾಯಿ ಬಿಡಲಿಲ್ಲ. ಅವರು ಇಂಗ್ಲಿಷಿನ ಒಂದು ಸಾಲು ಓದುವರು, ಅದನ್ನೇ ಕನ್ನಡದಲ್ಲಿ ಹೇಳುವರು, ಅವಳು ಕೇಳುವಳು, ಗೊತ್ತಾಗದ ಕಡೆ ಒಂದು ಚುಕ್ಕಿ ಇಡು ಅನ್ನುವಳು. ವ್ಯಾಕರಣಕ್ಕೆ ಸರ್ ಬರೆಸಿದ್ದ ನೋಟ್ಸು ಇತ್ತು, ಒಬ್ಬರದನ್ನು ಒಬ್ಬರು ತಿದ್ದಿಕೊಂಡರು.

'ನಾನು ಮರೆಯದ ಒಂದು ದಿನ' ಎಂಬ ಪ್ರಬಂಧವನ್ನು ಅಂಜಲಿ ಮೊದಲು ಗೈಡು ನೋಡಿ ಬರೆದು ತಂದಳು. ಬೆಳಗಾಗಿತ್ತು, ತಂಗಾಳಿ ಬೀಸುತ್ತಿತ್ತು, ಹಕ್ಕಿಗಳು ಹಾಡುತ್ತಿದ್ದವು.

"ಯಾವ ಹಕ್ಕಿ?" ಅಂದಳು ತಾಜಬೀ. "ಮಿಲ್ಲಿನ ಓಣ್ಯಾಗ ಹೊಟ್ಟು ಬಿಟ್ರ ಮತ್ತೇನ್ ಹಾರ್ತೈತಿ?"

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅಂಜಲಿ ಆ ಹಾಳೆ ಹರಿದಳು. ನಾಲ್ಕು ದಿನ ಬಿಟ್ಟು ಬೇರೆ ಬರೆದು ತಂದಳು. ಅದನ್ನು ಓದಿದ ಸಂಜೆ ತಾಜಬೀ ಒಂದು ಕಡೆಯೂ ಬಾಯಿ ಹಾಕಲಿಲ್ಲ.

ಸಂಜೆಗಳು ಹೀಗೆ ಹೋದರೂ ಹೆದರಿಕೆ ಹೋಗಲಿಲ್ಲ. ಓಣಿಯಲ್ಲಿ ಮೋಟರ್ ಸೈಕಲ್ಲು ನಿಂತರೆ ಸಾಕು, ಬಾಯಿ ಒಣಗುತ್ತಿತ್ತು. ಯಾರದೋ ಅಪ್ಪ ಬಂದ, ಒಂದು ಇಂಗ್ಲಿಷ್ ಕಾಗದ ಮುಂದೆ ಹಿಡಿದು ಓದು ಅಂದ, ಎಂದೇ ಅನ್ನಿಸುತ್ತಿತ್ತು. ಗಂಡನ ಅಕ್ಕ ಜೈನಾಬೀ ಊಟ ತಂದುಕೊಡಲು ಬರುತ್ತಿದ್ದಳು. ಅವಳ ನಾಲಿಗೆಗೆ ಎಲುಬಿರಲಿಲ್ಲ. ಸತ್ತವನು ಇಪ್ಪತ್ತು ವರ್ಷ ದುಡಿದು ಗಳಿಸಿದ ಹೆಸರನ್ನು ಇವಳು ಇಪ್ಪತ್ತು ದಿನದಲ್ಲಿ ತೊಳೆದುಬಿಡುತ್ತಾಳೆ ಅಂದಳು. "ಸಿಕ್ಕಿಬಿದ್ದ ದಿನ ಮಂದಿ ನಿನಗ ಬಯ್ಯಂಗಿಲ್ಲ, ಅವನ ಗೋರಿಗೆ ಬಯ್ತಾರ."

ಪರೀಕ್ಷೆಗೆ ಹತ್ತು ದಿನ ಇದ್ದಾಗ ವಿರುಪಣ್ಣ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಹೊರಗಿನಿಂದಲೇ ಕೂಗಿ ಹೇಳಿದ. ಮಧ್ಯಾಹ್ನ ಬಂದು ಅಂಜಲಿಯ ನೋಟ್‌ಬುಕ್ಕು ಒಯ್ಯುತ್ತೇನೆ, ಮಿಲ್ಲಿನ ಗುಮಾಸ್ತರಿಗೆ ತೋರಿಸಬೇಕು, ಅವರು ಡಿಗ್ರಿ ಓದಿದವರು, ನೀವು ತಿದ್ದಿದ್ದು ನೋಡಿ ಹುಡುಗಿ ಪಾಸಾಗುತ್ತಾಳೋ ಇಲ್ಲವೋ ಹೇಳುತ್ತಾರೆ.

ನೋಟ್‌ಬುಕ್ಕುಗಳೆಲ್ಲ ಟ್ಯೂಷನ್ನಿನ ಕಪಾಟಿನಲ್ಲೇ ಇರುತ್ತಿದ್ದವು. ಅದು ಸರ್ ಮಾಡಿದ ನಿಯಮ. ತಾಜಬೀ ಅಂಜಲಿಯದನ್ನು ತೆಗೆದು ನೋಡಿದಳು. ಪ್ರಬಂಧದ ಕೆಳಗೆ ಬರಿ ಖಾಲಿ. ತಿದ್ದಿದ ಗುರುತು ಒಂದೂ ಇಲ್ಲ.

ಟ್ರಂಕಿನಲ್ಲಿ ಹಳೆಯ ಹುಡುಗಿಯರ ನೋಟ್‌ಬುಕ್ಕು ಇದ್ದವು. ಒಂದನ್ನು ತೆರೆದಳು. ಅಲ್ಲಲ್ಲಿ ಮರ್ದಾನಸಾಬರ ಕೆಂಪು ಅಕ್ಷರ. ಅದು ಅವರ ಕೈ. ನೋಡಿದೊಡನೆ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ಒಂದು ಸಾಲು ಆರಿಸಿದಳು. ಎಲ್ಲಕ್ಕಿಂತ ಉದ್ದದ್ದು, ಕೆಳಗೆ ಎರಡು ಗೆರೆ ಎಳೆದದ್ದು. ಎರಡು ಗೆರೆ ಎಳೆದಿದ್ದಾರೆಂದರೆ ಭಾಳ ಮೆಚ್ಚಿ ಬರೆದಿರಬೇಕು ಅಂದುಕೊಂಡಳು.

ಅವರ ಕೆಂಪು ಪೆನ್ನು ಇನ್ನೂ ಅಂಗಿಯ ಕಿಸೆಯಲ್ಲಿತ್ತು. ತೆಗೆದಳು. ರಂಗೋಲಿ ನೋಡಿ ರಂಗೋಲಿ ಹಾಕಿದ ಹಾಗೆ ಒಂದೊಂದೇ ಅಕ್ಷರ ನೋಡಿ ಅಂಜಲಿಯ ಪ್ರಬಂಧದ ಕೆಳಗೆ ಬಿಡಿಸಿದಳು. ಎರಡು ಗೆರೆಯನ್ನೂ ಎಳೆದಳು. ಬೆಳಿಗ್ಗೆ ಕುಳಿತವಳು ಮುಗಿಸುವಷ್ಟರಲ್ಲಿ ಮಸೀದಿಯಲ್ಲಿ ಮಧ್ಯಾಹ್ನದ ಬಾಂಗು ಕೂಗಿತು. ವಿರುಪಣ್ಣ ಬಂದಾಗ ಪರದೆಯ ಕೆಳಗಿಂದ ನೋಟ್‌ಬುಕ್ಕು ಸರಿಸಿದಳು. ಅವನು ತಿರುವಿ ನೋಡಿ, ಭಾಳ ಛಲೋ ಅಕ್ಷರ ಐತಿ ಅಂದ. ಮೂರು ವಾರದಲ್ಲಿ ಅವತ್ತು ಮೊದಲ ಸಲ ಅವಳು ಹೊಟ್ಟೆತುಂಬ ಉಂಡಳು.

ಮರುದಿನ ಐದಕ್ಕೆ ಅಂಜಲಿ ಬರಲಿಲ್ಲ. ಅದರ ಮರುದಿನ ಹನ್ನೊಂದು ಗಂಟೆಗೆ ಕದ್ದು ಬಂದಳು. ಒಂದು ಕೆನ್ನೆ ಬಾತಿತ್ತು. ನೋಟ್‌ಬುಕ್ಕು ತಂದಿದ್ದಳು. ಒಳಗೆ ಬಂದು ಕದ ಹಾಕಿ, ಆ ಕೆಂಪು ಸಾಲಿನ ಮೇಲೆ ಬೆರಳಿಟ್ಟಳು.

"ಚಾಚಿ, ಇದೇನ್ ಬರದೀರಿ ಗೊತ್ತೈತೇನು? ಇದು ಗೈಡ್ ನೋಡಿ ಕದ್ದು ಬರದದ್ದು, ಮತ್ತೊಮ್ಮೆ ಇಂಥದ್ದು ನನ್ನ ಮುಂದ ತರಬ್ಯಾಡ ಅಂತ ಐತಿ."

ಇದನ್ನು ಯಾರು ಓದಿದರು ಎಂದು ತಾಜಬೀ ಕೇಳಿದಳು.

ಗುಮಾಸ್ತ ಅದನ್ನು ಹಮಾಲರೆಲ್ಲರ ಮುಂದೆ ಜೋರಾಗಿ ಓದಿ ಹೇಳಿದ್ದ. ಪ್ರಬಂಧ ಓದಲೇ ಇಲ್ಲ, ಕೆಂಪಕ್ಷರ ಮಾತ್ರ ಓದಿದ. ವಿರುಪಣ್ಣ ಮನೆಗೆ ಬಂದು ಮಗಳ ಕೆನ್ನೆಗೆ ಹೊಡೆದ. ಹಾಲ್ ಟಿಕೆಟ್ಟು ಕಸಿದು ಕಿಸೆಯಲ್ಲಿಟ್ಟುಕೊಂಡ. ಪರೀಕ್ಷೆಯೂ ಬೇಡ, ಕಳ್ಳತನವೂ ಬೇಡ ಅಂದ. ಯಲಬುರ್ಗಾಕ್ಕೆ ಫೋನು ಹೋಗಿತ್ತು. ಭಾನುವಾರ ಬರುತ್ತಾರಂತೆ.

"ನೀನು ನಿಮ್ಮಪ್ಪಗ ಏನಂದಿ?" ಕೇಳಿದಳು ತಾಜಬೀ.

"ಏನೂ ಅನ್ನಲಿಲ್ಲ ಚಾಚಿ. ನಿಮಗ ಇಂಗ್ಲಿಷ್ ಬರಂಗಿಲ್ಲ ಅಂತ ಹೇಳಿದ್ರ ಅಪ್ಪ ಬಿಡತಿದ್ದ. ನಾ ಹೇಳಲಿಲ್ಲ."

ತಾಜಬೀ ಆ ಕೆನ್ನೆಯನ್ನು ನೋಡಿದಳು. ಹೇಳಿದರೆ ಟ್ಯೂಷನ್ ಮುಗಿಯಿತು. ನಾಲ್ಕು ಜೊತೆ ಚಪ್ಪಲಿ ಹೋದವು. ಓಣಿಯೆಲ್ಲ ನಗುತ್ತದೆ, ಅವರ ಗೋರಿಗೆ ಬಯ್ಯುತ್ತದೆ. ಹೇಳದಿದ್ದರೆ ಭಾನುವಾರ.

"ನಿಮ್ಮಪ್ಪನ್ನ ಕರಕೊಂಡು ಬಾ," ಅಂದಳು. "ಈಗ. ಚಾಚಿ ಕರದಾಳ ಅನ್ನು."

ಮಿಲ್ಲಿನ ಊಟದ ಬಿಡುವಿನಲ್ಲಿ ವಿರುಪಣ್ಣ ಬಂದ. ಮೈಯೆಲ್ಲ ಹೊಟ್ಟಿನ ಧೂಳು. ಮೆಟ್ಟಿಲ ಮೇಲೆ ಕುಳಿತು ಬೀಡಿ ಹಚ್ಚಿದ. ಏನು ಹೇಳುವುದಿದ್ದರೂ ಬೇಗ ಹೇಳಿ ಅಂದ. ತಾಜಬೀ ಪರದೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

"ಅಣ್ಣಾರ, ನನಗ ಇಂಗ್ಲಿಷ್ ಬರಂಗಿಲ್ಲ. ಆ ಸಾಲು ನಾ ನೋಡಿ ಬಿಡಿಸಿದ್ದು. ಏನೈತಿ ಅಂತ ನನಗ ಗೊತ್ತಿರಲಿಲ್ಲ. ನಿಮ್ಮ ಮಗಳು ಕದ್ದಿಲ್ಲ. ಕದ್ದಾಕಿ ನಾನು."

ಅವಳಿಗೆ ಅವನು ಎದ್ದು ಪರದೆ ಕಿತ್ತಾನು ಅನ್ನಿಸಿತು.

"ಹಂಗಾರ ಇಷ್ಟು ದಿನ ನನ್ನ ಮಗಳಿಗೆ ಏನ್ ಕಲಿಸಿದ್ರಿ?" ಅವನ ದನಿ ಸಣ್ಣದಾಗಿತ್ತು. ಅದು ಇನ್ನೂ ಹೆಚ್ಚು ಹೆದರಿಸಿತು.

"ಏನೂ ಕಲಿಸಿಲ್ರಿ. ಕೇಳೀನಿ. ಆಕಿ ಓದ್ತಾಳ, ನಾ ಕೇಳ್ತೀನಿ. ನೀವೂ ಒಮ್ಮೆ ಕೇಳ್ರಿ. ಆಮ್ಯಾಲೆ ಏನ್ ಮಾಡ್ತೀರೋ ಮಾಡ್ರಿ."

ಅಂಜಲಿ ಬಾಗಿಲಲ್ಲಿ ನಿಂತು ನೋಟ್‌ಬುಕ್ಕು ತೆರೆದಳು. ದಿನಾ ಮಾಡುವ ಹಾಗೆ ಒಂದು ಸಾಲು ಇಂಗ್ಲಿಷಿನಲ್ಲಿ ಓದಿ, ಅದನ್ನೇ ಕನ್ನಡದಲ್ಲಿ ಹೇಳುತ್ತ ಹೋದಳು.

ಅವತ್ತು ಅಪ್ಪ ಕುಂಟುತ್ತ ಮನೆಗೆ ಬಂದ. ಅವ್ವ ಕೇಳಿದ್ದಕ್ಕೆ ಚಪ್ಪಲಿ ಕಚ್ಚಿದೆ ಅಂದ. ಅವನು ಕಾಲು ತೊಳೆದ ಮೇಲೆ ನಾನು ಬಚ್ಚಲಿಗೆ ಹೋದೆ. ನೀರು ಕೆಂಪಾಗಿತ್ತು. ಮರುದಿನ ಅವನು ಅದೇ ಚಪ್ಪಲಿ ಹಾಕಿಕೊಂಡು ಕೆಲಸಕ್ಕೆ ಹೊರಟ. ನಾನು ಕಾಲೇಜಿಗೆ ಹೋಗಲಿಲ್ಲ. ಅವನಿಗೆ ಕಾಣದ ಹಾಗೆ ಹಿಂದೆ ಹಿಂದೆ ನಡೆದೆ. ಮಿಲ್ಲಿನ ಗೇಟಿನವರೆಗೆ ಅಪ್ಪ ಕುಂಟಿದ. ಗೇಟಿನ ಒಳಗೆ ಹೋದ ಮೇಲೆ ಕುಂಟಲಿಲ್ಲ.

ವಿರುಪಣ್ಣನ ಬೀಡಿ ಬೆರಳು ಸುಡುವವರೆಗೆ ಉರಿದಿತ್ತು. ಅವನು ಕೈ ಕೊಡವಿದ. ಮಗಳ ಕಡೆ ನೋಡಲಿಲ್ಲ. ತನ್ನ ಬಲಗಾಲನ್ನು ನೋಡಿದ.

"ಆಮ್ಯಾಲೆ?" ಅಂದ. "ಗೇಟಿನ ಹೊರಗ ನಿಂತು ನೀ ಏನ್ ಮಾಡಿದಿ?"

"ಅದನ್ನ ಬರದಿಲ್ಲಪ್ಪ."

ಪರದೆಯ ಹಿಂದಿನಿಂದ ತಾಜಬೀ ಹೇಳಿದಳು, "ಅಲ್ಲಿ ಒಂದು ಚುಕ್ಕಿ ಇಡು." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಇಷ್ಟು ದಿನ ಹೇಳಿ ಹೇಳಿ ರೂಢಿಯಾಗಿತ್ತು.

ವಿರುಪಣ್ಣ ಕಿಸೆಗೆ ಕೈ ಹಾಕಿದ. ಬೆವರಿಗೆ ಮೆತ್ತಗಾದ ಹಾಲ್ ಟಿಕೆಟ್ಟು ತೆಗೆದು ಮೆಟ್ಟಿಲ ಮೇಲಿಟ್ಟ, ಗಾಳಿಗೆ ಹಾರಬಾರದೆಂದು ಮಗಳ ಚಪ್ಪಲಿಯನ್ನು ಅದರ ಮೇಲಿಟ್ಟ. ಭಾನುವಾರದ ಮಾತು ಎತ್ತಲಿಲ್ಲ. ಪರೀಕ್ಷೆ ಆಗಲಿ, ಪಾಸು ಫೇಲು ಆಮೇಲೆ ನೋಡೋಣ ಅಂದ. ಎದ್ದು ಎರಡು ಹೆಜ್ಜೆ ಹೋಗಿ ನಿಂತ.

"ಅಕ್ಕಾರ, ಆ ಕೆಂಪು ಸಾಲು ಹೊಡದುಹಾಕ್ರಿ. ನೀವ ಹೊಡೀರಿ."

ತಾಜಬೀ ಪೆನ್ನು ತಂದಳು. ಹಾಳೆಯನ್ನು ಮಣೆಯ ಮೇಲಿಟ್ಟು, ಗಂಡನ ಅಕ್ಷರ ನೋಡಿ ಬಿಡಿಸಿದ ಸಾಲಿನ ಮೇಲೆ ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು. ಅಂಜಲಿ ಇನ್ನೊಮ್ಮೆ ಎಳೆಯಿರಿ ಅಂದಳು. ಬೇಡ, ಸಾಕು ಅಂದಳು ತಾಜಬೀ.

ಐದಕ್ಕೆ ಉಳಿದ ಮೂವರು ಹುಡುಗಿಯರು ಬರುತ್ತಾರೆ. ಅವರ ಅಪ್ಪಂದಿರಿಗೂ ಹೇಳಬೇಕು. ಅವಳು ಮೊಗೆ ಎತ್ತಿ ನೀರು ಕುಡಿದಳು. ಬಾಯಿ ಮತ್ತೆ ಒಣಗಿತು.